ನಾನು ಓದಿದ ಕೆಲವು ಪುಸ್ತಕಗಳು

"ಟೀಚರ್, ನಿಮಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು?" ಎಂದು ಮಕ್ಕಳು ಆಗಾಗ ಕೇಳುತ್ತಾರೆ. ಒಂದೇ ಹೆಸರು ಹೇಳುವುದು ನನ್ನಿಂದ ಆಗದ ಕೆಲಸ. ಮಳೆ ಬಂದಾಗ ಬೇಕೆನಿಸುವ ತಿಂಡಿ ಒಂದು, ಜ್ವರ ಬಂದಾಗ ರುಚಿಸುವುದು ಇನ್ನೊಂದು ಅಲ್ಲವೇ? ಪೋಷಕರ ಪ್ರಶ್ನೆ ಬೇರೆ ರೀತಿಯದು. "ನಮ್ಮ ಮಗುವಿಗೆ ಕನ್ನಡ ಓದಲು ಬರುತ್ತದೆ, ಆದರೆ ಪುಸ್ತಕ ಕೊಟ್ಟರೆ ಮುಟ್ಟುವುದೇ ಇಲ್ಲ. ಏನು ಕೊಡೋಣ?" ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಪ್ರಶ್ನೆ. ನಮ್ಮಲ್ಲಿ ಎಂಟನೇ ತರಗತಿ ಮುಗಿಯುತ್ತಲೇ ಬಹಳಷ್ಟು ಮಕ್ಕಳು ಕನ್ನಡ ವಿಷಯವನ್ನು ಬಿಟ್ಟುಬಿಡುತ್ತಾರೆ. ಊರಿನಲ್ಲಾದರೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದಿಯಾದರೂ ಅಕ್ಷರ ಉಳಿದೀತು. ಈ ಕೊಲ್ಲಿ ನಾಡಿನಲ್ಲಿ ಅದಕ್ಕೂ ಅವಕಾಶವಿಲ್ಲ. ಎಂಟನೇ ತರಗತಿಯೊಳಗೆ ಒಂದು ಪುಸ್ತಕವಾದರೂ ಅವರನ್ನು ಹಿಡಿದುಕೊಳ್ಳಬೇಕು.

ರಜೆಗೆ ಹೋದವರು ಮಕ್ಕಳಿಗೆಂದು ತರುವುದು ಹೆಚ್ಚಾಗಿ ನೀತಿಕಥೆಗಳು ಮತ್ತು ಮಹಾಪುರುಷರ ಜೀವನಚರಿತ್ರೆಗಳು. ಅವು ಒಳ್ಳೆಯವೇ, ಸಂಶಯವಿಲ್ಲ. ಆದರೆ ಕಷಾಯದ ಹಾಗೆ ಕುಡಿಸಿದ ಪುಸ್ತಕವನ್ನು ಮಗು ಎರಡನೇ ಸಲ ಕೇಳುವುದಿಲ್ಲ. (ವ್ಯಕ್ತಿತ್ವ ವಿಕಸನದ ಪುಸ್ತಕಗಳು ನನಗಂತೂ ಹತ್ತು ಪುಟದ ಮೇಲೆ ಹೋಗುವುದಿಲ್ಲ!) ತೀರಾ ಚಿಕ್ಕವರಿಗೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಇದೆ. ತಿಂಗಳಿಗೊಂದರಂತೆ 12 ಸಂಪುಟಗಳು. ಮಲಗುವ ಮುನ್ನ ಅಮ್ಮನೋ ಅಪ್ಪನೋ ಗಟ್ಟಿಯಾಗಿ ಓದಿದರೆ ಸಾಕು.

ನನ್ನ ಅಜ್ಜಿ ಓದುತ್ತಿದ್ದದ್ದು ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಯಿಂದ ತರಿಸಿ, ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಹತ್ತು ಪುಟ ಮುಗಿಸುತ್ತಿದ್ದರು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ವಿಮರ್ಶಕರು ಅವನ್ನು ಸಾಹಿತ್ಯವೆಂದು ಎಣಿಸಲಿಲ್ಲ. ಇರಲಿ. ಅಜ್ಜಿಗೆ ಸರಾಗವಾಗಿ ಓದುವುದು ಬಂದದ್ದು ಆ ಪುಸ್ತಕಗಳಿಂದಲೇ. ಮುಂದೆ ಅದೇ ಕಣ್ಣುಗಳಿಂದ ಅವರು ಕುಮಾರವ್ಯಾಸನನ್ನೂ ಓದಿದರು.

ಇನ್ನು ನಾನು ಎಲ್ಲರಿಗಿಂತ ಹೆಚ್ಚು ಸಲ ಓದಿರುವ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ'. 1980ರಲ್ಲಿ ಪ್ರಕಟವಾದ ಸಣ್ಣ ಕಾದಂಬರಿ. ಮೂಡಿಗೆರೆಯ ವಿಜ್ಞಾನಿಯೊಬ್ಬರು, ಬೇಸಾಯ ಸಾಕಾಗಿಹೋದ ಒಬ್ಬ ರೈತ, ಜೇನು ಹಿಡಿಯುವ ಮಂದಣ್ಣ, ಮರ ಹತ್ತುವ ಕರಿಯಪ್ಪ, ಜೊತೆಗೆ ಕಿವಿ ಎಂಬ ನಾಯಿ, ಇವರೆಲ್ಲ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕಥೆ ಇಷ್ಟೇ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನಕ್ಕು ನಕ್ಕು ಸಾಕಾಗಿತ್ತು. ಶಿಕ್ಷಕಿಯಾದ ಮೇಲೆ ಓದಿದಾಗ ಕಣ್ಣಿಗೆ ಬಿದ್ದದ್ದು ಮಂದಣ್ಣ. ಊರಿನವರ ಪಾಲಿಗೆ ಅವನು ಕೆಲಸಕ್ಕೆ ಬಾರದ ಹುಡುಗ. ಕರ್ವಾಲೋ ಅವರ ಪಾಲಿಗೆ ಮಾತ್ರ ಅವನು ಹುಟ್ಟಾ ನಿಸರ್ಗ ವಿಜ್ಞಾನಿ. ಅವನು ಕಂಡದ್ದನ್ನು ಅವರು ನಂಬುತ್ತಾರೆ. ಪ್ರತಿ ವರ್ಷ ಉತ್ತರ ಪತ್ರಿಕೆ ತಿದ್ದುವ ದಿನಗಳಲ್ಲಿ ನನಗೆ ಮಂದಣ್ಣನ ನೆನಪಾಗುತ್ತದೆ. ಕೊನೆಯ ಬೆಂಚಿನಲ್ಲಿ ಕಿಟಕಿಯಾಚೆ ಪಾರಿವಾಳ ನೋಡುತ್ತಾ ಕೂರುವ ಹುಡುಗನಿಗೆ ನಾವು ಎಷ್ಟು ಅಂಕ ಕೊಡುತ್ತೇವೆ?

ತರಗತಿಯಲ್ಲಿ ಇದನ್ನು ದಿನಕ್ಕೆ ಹತ್ತು ನಿಮಿಷದಂತೆ ಓದಿದ್ದೇನೆ. "ಹಾರುವ ಓತಿ ಬರೀ ಕಥೆ ತಾನೇ ಟೀಚರ್?" ಎಂದು ಒಬ್ಬಳು ಕೇಳಿದಳು. ಅಲ್ಲ, ಪಶ್ಚಿಮ ಘಟ್ಟದಲ್ಲಿ ಈಗಲೂ ಇದೆ, ಪಕ್ಕೆಲುಬುಗಳ ಮೇಲಿನ ಪೊರೆಯನ್ನು ಛತ್ರಿಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ ಎಂದಾಗ ಇಡೀ ತರಗತಿ ಎದ್ದು ಕುಳಿತಿತು. ಆ ಓತಿ ಕೊನೆಗೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ತಿಳಿಯಬೇಕಾದವರು ಓದಬೇಕು!

ವಿಜ್ಞಾನದ ಪುಸ್ತಕವೆಂದರೆ ಒಣ ವಿಷಯ ಎನ್ನುವವರಿಗೆ ನಾನು ಬಿ.ಜಿ.ಎಲ್. ಸ್ವಾಮಿಯವರ ಹೆಸರು ಹೇಳುತ್ತೇನೆ. ಡಿ.ವಿ.ಜಿ.ಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ, ಹೊರನಾಡಿನಲ್ಲಿದ್ದುಕೊಂಡೇ ಕನ್ನಡದಲ್ಲಿ ಬರೆದವರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಮಾತ್ರ ಅದಕ್ಕಿಂತ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ' ಹೆಚ್ಚು ಪ್ರಿಯ. ನಮ್ಮ ಮಸಾಲೆ ದೋಸೆಯೊಳಗಿನ ಆಲೂಗಡ್ಡೆ, ಚಟ್ನಿಯ ಮೆಣಸಿನಕಾಯಿ, ಒಗ್ಗರಣೆಯ ಕಡಲೆಬೀಜ, ಪಾಯಸದ ಗೋಡಂಬಿ ಯಾವುದೂ ಮೊದಲಿನಿಂದ ನಮ್ಮದಲ್ಲ, ಎಲ್ಲವೂ ಕಡಲು ದಾಟಿ ಬಂದವು ಎಂದು ತಿಳಿದ ದಿನ ಅಡುಗೆಮನೆಯೇ ಬೇರೆಯಾಗಿ ಕಂಡಿತು. ಕಡಲು ದಾಟಿ ಬಂದ ನಮ್ಮಂಥವರಿಗೆ ಅದರಲ್ಲಿ ಸ್ವಲ್ಪ ಸಮಾಧಾನವೂ ಇದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ್ದು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ. ಹೊರಗೆ ಸುಡುವ ಬಿಸಿಲು, ಒಳಗೆ ಏ.ಸಿ. ಸದ್ದು, ಕೈಯಲ್ಲಿ ಪುಟ ಪುಟಕ್ಕೂ ಸುರಿಯುವ ಮಲೆನಾಡಿನ ಮಳೆ. ಬಯಲುಸೀಮೆಯ ನನಗೆ ಜಿಗಣೆಯೂ ಗೊತ್ತಿರಲಿಲ್ಲ, ಕಂಬಳಿ ಕೊಪ್ಪೆಯೂ ಗೊತ್ತಿರಲಿಲ್ಲ. ಮೊದಲ ನೂರು ಪುಟ ಕಷ್ಟವಾಯಿತು, ಪಾತ್ರಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಕೊನೆಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವಲ್ಲಿ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ತೆರೆಯಲಾಗಲಿಲ್ಲ. ಅಷ್ಟು ಜನರ ಕಷ್ಟಸುಖ ಓದಿಯೂ ನಾಯಿಗಾಗಿ ಅತ್ತದ್ದೇಕೆ ಎಂದು ಮನೆಯವರು ನಕ್ಕರು.

ಅಮ್ಮಂದಿರಿಗೆ ಒಂದು ಮಾತು. ತ್ರಿವೇಣಿಯವರ 'ಶರಪಂಜರ'ವನ್ನು ನೀವು ಕಲ್ಪನಾ ಅಭಿನಯದ ಸಿನಿಮಾದಲ್ಲಿ ನೋಡಿರಬಹುದು, ಕಾದಂಬರಿಯನ್ನೂ ಓದಿ. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ, ಮನೆಯವರ ಸಂಶಯ ಮಾತ್ರ ಗುಣವಾಗುವುದಿಲ್ಲ. 1963ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಲೇಖಕಿ ಇದನ್ನು ಅಂದೇ ಬರೆದಿದ್ದರು. ತವರಿನಿಂದ ದೂರದಲ್ಲಿ, ಒಬ್ಬಂಟಿಯಾಗಿ ಬಾಣಂತನ ಕಳೆದ ಗೆಳತಿಯರು ನನಗೆ ಇಲ್ಲಿ ಹಲವರಿದ್ದಾರೆ. ಅವರಲ್ಲಿ ಒಬ್ಬರು ಪುಸ್ತಕ ಹಿಂತಿರುಗಿಸುವಾಗ ಏನೂ ಹೇಳಲಿಲ್ಲ, ಕೈ ಮಾತ್ರ ಹಿಡಿದುಕೊಂಡರು.

ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯಲ್ಲಿ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿರುತ್ತಾರೆ. ಅವರಲ್ಲೊಬ್ಬರು ಆ ಬಾಲಕನ ತಂದೆ. ಇಂಥದ್ದನ್ನು ಕಂಡ ಮನುಷ್ಯ ಪುಸ್ತಕದುದ್ದಕ್ಕೂ ನಮ್ಮನ್ನು ನಗಿಸುತ್ತಾರೆ! ಆ ನಗು ಓದುಗರನ್ನು ಸುಮ್ಮನೆ ಬಿಡುವುದಿಲ್ಲ. ಹತ್ತನೇ ತರಗತಿ ದಾಟಿದ ಮಕ್ಕಳು ಇದನ್ನು ಓದಲೇಬೇಕೆಂದು ನನ್ನ ಅಭಿಪ್ರಾಯ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಸ್ಟಾಫ್ ರೂಮಿನಲ್ಲಿ ಮಲಯಾಳಂ, ಹಿಂದಿ, ಅರಬ್ಬಿ ಶಿಕ್ಷಕಿಯರೆಲ್ಲ ನನಗೆ ಅಭಿನಂದನೆ ಹೇಳಿದರು, ನಾನೇ ಬರೆದವಳೇನೋ ಎಂಬಂತೆ. ಅವರಿಗೆ ಇಂಗ್ಲಿಷ್ ಪ್ರತಿ ಸಿಕ್ಕಿತು. ನಾನು 'ಎದೆಯ ಹಣತೆ' ಕಥೆಯನ್ನು ಕನ್ನಡದಲ್ಲೇ ಓದಿ ಹೇಳಿದೆ. ತಾಯಿಯನ್ನು ಸಾವಿನ ಅಂಚಿನಿಂದ ಹಿಂದಕ್ಕೆಳೆಯುವ ಮಗಳು ಸಲ್ಮಾಳ ಭಾಗಕ್ಕೆ ಬಂದಾಗ, ಕನ್ನಡ ಬಾರದ ಅರಬ್ಬಿ ಶಿಕ್ಷಕಿ ನನ್ನ ದನಿ ಬದಲಾದದ್ದನ್ನು ಕೇಳಿಯೇ ಕಣ್ಣೊರೆಸಿಕೊಂಡರು.

ಪ್ರತಿ ರಜೆಯಲ್ಲೂ 30 ಕೆ.ಜಿ. ಲಗೇಜಿನಲ್ಲಿ ಹಪ್ಪಳ, ಸಾರಿನ ಪುಡಿಗಳ ನಡುವೆ ಐದಾರು ಕೆ.ಜಿ. ಪುಸ್ತಕ ಬಂದೇ ಬರುತ್ತದೆ. ಮೇಲೆ ಹೇಳಿದವೆಲ್ಲ ನನ್ನ ಸ್ಟಾಫ್ ರೂಮಿನ ಕಪಾಟಿನಲ್ಲಿವೆ. ವಿದ್ಯಾರ್ಥಿಗಳೂ ಪೋಷಕರೂ ಬಂದು ಒಯ್ಯಬಹುದು, ಹಿಂತಿರುಗಿಸಲು ಅವಸರವಿಲ್ಲ. 'ಕರ್ವಾಲೋ' ಮಾತ್ರ ಈಗ ಸಿಗುವುದಿಲ್ಲ. ಅದು ಎರಡು ತಿಂಗಳಿನಿಂದ ಏಳನೇ ತರಗತಿಯಲ್ಲಿ ಕೈಯಿಂದ ಕೈಗೆ ಸುತ್ತುತ್ತಿದೆ, ರಟ್ಟು ಕಿತ್ತುಹೋಗಿದೆ ಎಂದು ಸುದ್ದಿ.