ಎಣಿಕೆ ಸರಿಯಿತ್ತು, ಆದರೆ…

ನನ್ನ ಪ್ರಾಜೆಕ್ಟ್‌ಗೆ ಪೋಸ್ಟ್‌ಗ್ರೆಸ್‌ನಲ್ಲಿ ಗ್ರಂಥಾಲಯದ ಡೇಟಾಬೇಸ್ ಮಾಡಿದ್ದೆ. ‘ಸದಸ್ಯರು’ ಎಂಬ ಮೂಲ ಟೇಬಲ್‌ನಲ್ಲಿ ಪುಸ್ತಕ ಇಟ್ಟುಕೊಳ್ಳುವ ಅವಧಿ ಡಿಫಾಲ್ಟ್ ಆಗಿ 14 ದಿನ. ಅದರಿಂದ ಇನ್‌ಹೆರಿಟ್ ಆದ ‘ಅಧ್ಯಾಪಕರು’ ಟೇಬಲ್‌ನಲ್ಲಿ ಅದನ್ನು 30ಕ್ಕೆ ಬದಲಿಸಿದ್ದೆ.

ಲ್ಯಾಬ್‌ನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲು ಬ್ಯಾಕಪ್‌ಗೆ ನಾನೇ ಸ್ಕ್ರಿಪ್ಟ್ ಬರೆದೆ. ಆಮೇಲೆ ರಿಸ್ಟೋರ್ ಮಾಡಿ ದಾಖಲೆಗಳನ್ನು ಎಣಿಸಿದೆ, ಒಂದೂ ಕಡಿಮೆಯಿರಲಿಲ್ಲ. ಖುಷಿಯಿಂದ ಸರ್‌ಗೆ ತೋರಿಸಿದೆ.

“ಹೊಸ ಅಧ್ಯಾಪಕರೊಬ್ಬರನ್ನು ಸೇರಿಸಿ ನೋಡು” ಎಂದರು. ಸೇರಿಸಿದೆ. ಅವಧಿ 14 ಎಂದು ಬಂತು! ಗ್ರಂಥಾಲಯದಲ್ಲಿ ಇದನ್ನೇ ಬಳಸಿದ್ದರೆ ಆ ಅಧ್ಯಾಪಕರಿಗೆ ಹದಿನೈದನೇ ದಿನವೇ ದಂಡ ಬೀಳುತ್ತಿತ್ತು.

ಹಳೆಯ ದಾಖಲೆಗಳಲ್ಲಿ 30 ಹಾಗೆಯೇ ಇತ್ತು. ಆದರೆ ಈ ಟೇಬಲ್ ಯಾವುದರಿಂದ ಇನ್‌ಹೆರಿಟ್ ಆಗಿದೆ ಎಂಬುದನ್ನಷ್ಟೇ ನನ್ನ ಸ್ಕ್ರಿಪ್ಟ್ ಬರೆದಿಟ್ಟಿತ್ತು. ಅದರಲ್ಲಿ ನಾನು ಮಾಡಿದ ಬದಲಾವಣೆಯನ್ನು ಬಿಟ್ಟಿತ್ತು. ಹಾಗಾಗಿ ಮೂಲ ಟೇಬಲ್‌ನ 14 ಮತ್ತೆ ಬಂದು ಕೂತಿತ್ತು.

ಅದನ್ನು ಸರಿಪಡಿಸಿ, ಈ ಸಲ ಪಿಜಿ_ಡಂಪ್‌ನಿಂದ ಬ್ಯಾಕಪ್ ತೆಗೆದೆ. ಫೈಲ್ ತೆರೆದು ನೋಡಿದರೆ, ಆ 30ಕ್ಕಾಗಿಯೇ ಪ್ರತ್ಯೇಕವಾಗಿ ಒಂದು ‘ಆಲ್ಟರ್ ಟೇಬಲ್’ ಕಮಾಂಡ್ ಇತ್ತು.

ಈಗ ರಿಸ್ಟೋರ್ ಆದಮೇಲೆ ಎಣಿಸಿ ಸುಮ್ಮನಾಗುವುದಿಲ್ಲ. ಒಂದು ಹೊಸ ದಾಖಲೆಯನ್ನೂ ಸೇರಿಸಿ ನೋಡುತ್ತೇನೆ.