ಡಿಕ್ಕಿಯಲ್ಲಿ ಜಾಗ ಇದೆಯೇ?

ನಮ್ಮ ಮನೆಯಿಂದ ಟ್ಯಾಕ್ಸಿಗೆ ಫೋನ್ ಮಾಡಿದರೆ ಮೊದಲು ಕೇಳುವ ಪ್ರಶ್ನೆ ಬಾಡಿಗೆ ಎಷ್ಟು ಎಂದಲ್ಲ, ಡಿಕ್ಕಿಯಲ್ಲಿ ಜಾಗ ಇದೆಯೇ ಎಂದು. ನನ್ನ ಅಣ್ಣನಿಗೆ ಚಿಕ್ಕಂದಿನಿಂದಲೇ ಕಾಲುಗಳಲ್ಲಿ ಬಲವಿಲ್ಲ. ಅವನು ಹೋದಲ್ಲೆಲ್ಲ ಅವನ ವೀಲ್‌ಚೇರ್ ಕೂಡ ಹೋಗಬೇಕು. ತಿಂಗಳಿಗೆರಡು ಸಲ ಆಸ್ಪತ್ರೆ, ಶುಕ್ರವಾರ ಜುಮಾ, ಆಗಾಗ ಪರೀಕ್ಷೆ, ಮದುವೆ, ಮಯ್ಯಿತ್ತಿನ ಮನೆ ಎಂದು ಅವನಿಗೂ ನಮ್ಮೆಲ್ಲರ ಹಾಗೆ ಹೋಗಬೇಕಾದ ಜಾಗಗಳಿವೆ. ಬಸ್ಸಿನ ಮೆಟ್ಟಿಲು ಅವನಿಗಲ್ಲ. ರಿಕ್ಷಾದಲ್ಲಿ ಅವನಿಗೆ ಜಾಗವಾದರೆ ಕುರ್ಚಿಗೆ ಜಾಗವಿಲ್ಲ. ಉಳಿದದ್ದು ಟ್ಯಾಕ್ಸಿ ಮಾತ್ರ.

ಮಂಗಳೂರಿನಲ್ಲಿ ಟೂರಿಸ್ಟ್ ಕಾರು ಓಡಿಸುವ ಚಿಕ್ಕಪ್ಪ ಮೊದಲೆಲ್ಲ ಈ ಕೆಲಸಕ್ಕೆ ಓಡಿ ಬರುತ್ತಿದ್ದರು. ಅಣ್ಣನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಕುರ್ಚಿ ಮಡಚಿ ಡಿಕ್ಕಿಗೆ ಹಾಕಿದರೆ ಆಯಿತು. ಎರಡು ವರ್ಷಗಳ ಹಿಂದೆ ಅವರು ಸಿಎನ್‌ಜಿ ಗಾಡಿ ತೆಗೆದುಕೊಂಡರು. ಇಂಧನದ ಖರ್ಚು ಕಡಿಮೆ, ಹೊಗೆಯೂ ಕಡಿಮೆ. ಆದರೆ ಡಿಕ್ಕಿಯ ತುಂಬ ಸಿಲಿಂಡರ್. ಈಗ ಕುರ್ಚಿ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗುತ್ತದೆ, ಅದರ ಪಕ್ಕ ಉಮ್ಮ ಮುದುಡಿಕೊಂಡು ಕೂರುತ್ತಾರೆ, ನಾನು ಮನೆಯಲ್ಲೇ ಉಳಿಯುತ್ತೇನೆ. ಅಣ್ಣನನ್ನು ಎತ್ತಲು ಇಬ್ಬರು ಬೇಕಾದ್ದರಿಂದ ಹೋದಲ್ಲಿ ಯಾರನ್ನಾದರೂ ಕರೆಯಬೇಕು.

ಇದಕ್ಕೆ ಯಾರನ್ನು ದೂರಬೇಕು ಎಂದು ಯೋಚಿಸಿದೆ. ಚಿಕ್ಕಪ್ಪನನ್ನಲ್ಲ, ಸಿಎನ್‌ಜಿಯನ್ನೂ ಅಲ್ಲ. ವಾಣಿಜ್ಯ ವಿಭಾಗದ ಪ್ರಾಜೆಕ್ಟ್‌ಗೆ ನಾನು ಟ್ಯಾಕ್ಸಿಯ ವಿಷಯವನ್ನೇ ಆರಿಸಿಕೊಂಡದ್ದು ಹೀಗೆ. ಒಂದು ಊರಿನ ಟ್ಯಾಕ್ಸಿ ಹೇಗಿರಬೇಕು ಎಂದು ತೀರ್ಮಾನಿಸುವವರು ಯಾರು? ಆ ತೀರ್ಮಾನದ ಹೊತ್ತಿನಲ್ಲಿ ಅವರ ಕಣ್ಣ ಮುಂದೆ ಯಾರಿರುತ್ತಾರೆ?

ಮೊದಲು ಸಿಲಿಂಡರಿನ ಕಥೆ. ದೆಹಲಿಯ ಗಾಳಿ ಉಸಿರಾಡಲಾಗದಷ್ಟು ಕೆಟ್ಟಾಗ, 1998ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. 1990ಕ್ಕಿಂತ ಹಳೆಯ ರಿಕ್ಷಾ, ಟ್ಯಾಕ್ಸಿಗಳು ಹೋಗಿ ಶುದ್ಧ ಇಂಧನದ ಹೊಸ ಗಾಡಿಗಳು ಬರಬೇಕು, ಬಸ್ಸುಗಳು ಸಿಎನ್‌ಜಿಗೆ ಬದಲಾಗಬೇಕು ಎಂದಿತು. ಮುಂಬೈಯಲ್ಲೂ ಬಾಂಬೆ ಹೈಕೋರ್ಟಿನ ಆದೇಶಗಳ ನಂತರ ಕಪ್ಪು-ಹಳದಿ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. ನಮ್ಮ ಕರಾವಳಿಯಲ್ಲಿ ಮುಂಬೈಗೆ ಹೋಗಿ ಬಂದ ಹಿರಿಯರಿಲ್ಲದ ಮನೆ ಕಡಿಮೆ. ಅವರೆಲ್ಲ ಪ್ರೀತಿಯಿಂದ ನೆನೆಯುವ ಪ್ರೀಮಿಯರ್ ಪದ್ಮಿನಿಯ ನೆತ್ತಿಯ ಮೇಲೆ ಕ್ಯಾರಿಯರ್ ಇತ್ತು. ಡಿಕ್ಕಿಯಲ್ಲಿ ಸಿಲಿಂಡರ್ ಕುಳಿತ ಮೇಲೂ ಪೆಟ್ಟಿಗೆ, ಗಂಟುಗಳು ಮೇಲೇರುತ್ತಿದ್ದವು. ಮುಂಬೈಯಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ ಎಂಬ ನಿಯಮವಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ ಮುಗಿಯುವಾಗ ಅದು ರಸ್ತೆಯಿಂದ ಇಳಿಯಿತು. ಒಂದು ಕಾಲದ ಊರಿನ ಗುರುತನ್ನು ಒಂದು ನಿಯಮದ ಸಾಲು ತೆಗೆದುಹಾಕಿತು.

ಇನ್ನೊಂದು ನಿಯಮ ಟ್ಯಾಕ್ಸಿಗೆಂದು ಮಾಡಿದ್ದೇ ಅಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಕಂಪನಿಗಳು ಕಾರಿನ ಹಿಂಭಾಗವನ್ನು ಮೊಟಕು ಮಾಡತೊಡಗಿದವು. ಟ್ಯಾಕ್ಸಿಯಾಗಿ ದೇಶದ ತುಂಬ ಓಡುವ ಮಾರುತಿ ಡಿಜೈರ್ 2012ರಲ್ಲಿ 3995 ಮಿಲಿಮೀಟರಿಗೆ ಇಳಿದದ್ದು ಹೀಗೆ. ಮಿತಿಗೆ ಐದೇ ಮಿಲಿಮೀಟರ್ ಕಡಿಮೆ! ತೆರಿಗೆ ಉಳಿಯಿತು, ಕಾರು ಅಗ್ಗವಾಯಿತು, ಎಷ್ಟೋ ಮಂದಿ ಚಾಲಕರು ಸ್ವಂತ ಗಾಡಿಯ ಮಾಲೀಕರಾದರು. ಡಿಕ್ಕಿ ಮಾತ್ರ ಕುಗ್ಗಿತು.

ನಮ್ಮಲ್ಲಿ ಟ್ಯಾಕ್ಸಿಗೆ ನಿಯಮಗಳೇನು ಕಡಿಮೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನನ್ನು ಬಿಟ್ಟು ಆರು ಜನರವರೆಗೆ ಬಾಡಿಗೆಗೆ ಒಯ್ಯುವ ಗಾಡಿ ‘ಮೋಟಾರು ಕ್ಯಾಬ್’. ಅದಕ್ಕೆ ಪರ್ಮಿಟ್ ಬೇಕು, ಹಳದಿ ನಂಬರ್ ಪ್ಲೇಟ್ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 2019ರಿಂದ ಹೊಸದಾಗಿ ನೋಂದಣಿಯಾಗುವ ಟ್ಯಾಕ್ಸಿಗಳಲ್ಲಿ ಗಾಡಿ ಎಲ್ಲಿದೆ ಎಂದು ತಿಳಿಸುವ ಸಾಧನ ಮತ್ತು ಪ್ಯಾನಿಕ್ ಬಟನ್ ಇರಬೇಕು ಎಂದಿದೆ. ಹೆಣ್ಣುಮಕ್ಕಳ ಸುರಕ್ಷತೆಗಾಗಿ ದೇಶವೇ ದನಿ ಎತ್ತಿದ ಮೇಲೆ ಬಂದ ನಿಯಮವದು. ಅಂದರೆ ಕೇಳಿದರೆ ನಿಯಮ ಬರುತ್ತದೆ. ಆದರೆ ಚಿಕ್ಕಪ್ಪನ ಗಾಡಿ ಎಫ್‌ಸಿಗೆ ಹೋದಾಗ ಬ್ರೇಕ್ ನೋಡುತ್ತಾರೆ, ಲೈಟ್ ನೋಡುತ್ತಾರೆ, ಹೊಗೆಯ ಸರ್ಟಿಫಿಕೇಟ್ ನೋಡುತ್ತಾರೆ. ನಡೆಯಲಾಗದವನು ಇದರಲ್ಲಿ ಹೇಗೆ ಹತ್ತುತ್ತಾನೆ ಎಂದು ಯಾರೂ ಕೇಳುವುದಿಲ್ಲ.

ಇದನ್ನು ಕೇಳಿದ ಊರು ಲಂಡನ್. ಅಲ್ಲಿನ ಕಪ್ಪು ಟ್ಯಾಕ್ಸಿಗೆ ನಗರವೇ ಅರ್ಹತೆಯ ನಿಯಮಗಳನ್ನು ಬರೆದಿದೆ. ಟ್ಯಾಕ್ಸಿ 25 ಅಡಿ ವ್ಯಾಸದ ವೃತ್ತದೊಳಗೆ ತಿರುಗಬೇಕು ಎಂಬ ಷರತ್ತು 1906ರಷ್ಟು ಹಳೆಯದು. ಇಕ್ಕಟ್ಟಿನ ಬೀದಿಯಲ್ಲಿ ಹಿಂದೆ ಮುಂದೆ ಮಾಡದೆ ತಿರುಗಲಿ ಎಂದು. ಸಾಮಾನ್ಯ ಕಾರುಗಳಿಗೆ ಇದು ಆಗದ ಮಾತು. ಅದಕ್ಕೇ ಅಲ್ಲಿ ಟ್ಯಾಕ್ಸಿಗೆಂದೇ ಗಾಡಿ ತಯಾರಾಯಿತು. 1989ರಿಂದ ಹೊಸ ಟ್ಯಾಕ್ಸಿಗಳಿಗೆ, 2000ದಿಂದ ಎಲ್ಲ ಟ್ಯಾಕ್ಸಿಗಳಿಗೆ, ವೀಲ್‌ಚೇರ್ ಹತ್ತುವ ಅನುಕೂಲ ಕಡ್ಡಾಯವಾಯಿತು. ಬಾಗಿಲಿನಿಂದ ಇಳಿಜಾರು ಹಲಗೆ ಹೊರಬರುತ್ತದೆ, ಕುರ್ಚಿಯಲ್ಲಿ ಕೂತವರು ಕೂತಂತೆಯೇ ಒಳಗೆ ಹೋಗುತ್ತಾರೆ. ಯಾರೂ ಯಾರನ್ನೂ ಎತ್ತಬೇಕಾಗಿಲ್ಲ. ಇಂಥ ಟ್ಯಾಕ್ಸಿಯ ಚಾಲಕ ವೀಲ್‌ಚೇರಿನವರನ್ನು ಹತ್ತಿಸಿಕೊಳ್ಳಲೇಬೇಕು, ನೆರವಾಗಬೇಕು, ಅದಕ್ಕೆ ಹೆಚ್ಚು ಬಾಡಿಗೆ ಕೇಳಬಾರದು ಎಂಬ ಕಾನೂನು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಪ್ಪಿದರೆ 1000 ಪೌಂಡ್‌ವರೆಗೆ ದಂಡ. ಹೊಗೆಯನ್ನೂ ಅವರು ಮರೆತಿಲ್ಲ. 2018ರ ಜನವರಿಯಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿ ಹೊಗೆಯಿಲ್ಲದೆಯೂ ಓಡಬಲ್ಲದಾಗಿರಬೇಕು. ಬಂದ ಹೊಸ ವಿದ್ಯುತ್ ಟ್ಯಾಕ್ಸಿಯಲ್ಲೂ ಇಳಿಜಾರು ಹಲಗೆ ಇದೆ. ಶುದ್ಧ ಗಾಳಿ ಬೇಕಾದರೆ ಅಣ್ಣನಂಥವರು ಮನೆಯಲ್ಲಿರಬೇಕು ಎಂಬ ಲೆಕ್ಕ ಅಲ್ಲಿಲ್ಲ.

ನ್ಯೂಯಾರ್ಕ್ ಬೇರೆ ದಾರಿ ಹಿಡಿದು ಎಡವಿತು. ‘ನಾಳೆಯ ಟ್ಯಾಕ್ಸಿ’ ಎಂಬ ಸ್ಪರ್ಧೆ ನಡೆಸಿ 2011ರಲ್ಲಿ ನಿಸ್ಸಾನ್ ಎನ್‌ವಿ200 ಗಾಡಿಯನ್ನು ಆರಿಸಿತು. ಕೊನೆಯ ಸುತ್ತಿನಲ್ಲಿದ್ದ ಟರ್ಕಿಯ ಕಾರ್ಸನ್ ಕಂಪನಿಯ ಮಾದರಿಯಲ್ಲಿ ವೀಲ್‌ಚೇರಿಗೆ ಹಲಗೆ ಇತ್ತು. ಗೆದ್ದ ಗಾಡಿಯ ಸಾಮಾನ್ಯ ಮಾದರಿಯಲ್ಲಿ ಅದಿರಲಿಲ್ಲ. ಅಂಗವಿಕಲರ ಸಂಘಟನೆಗಳು ಕೋರ್ಟಿಗೆ ಹೋದವು. ಒಂದೇ ಮಾದರಿ ಕೊಳ್ಳಿ ಎಂದದ್ದಕ್ಕೆ ಮಾಲೀಕರೂ ಕೋರ್ಟಿಗೆ ಹೋದರು. ಮಾಲೀಕರ ವ್ಯಾಜ್ಯದಲ್ಲಿ 2015ರಲ್ಲಿ ನಗರವೇ ಗೆದ್ದಿತು. ಆದರೂ 2018ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ಅಂಗವಿಕಲರ ಜೊತೆ 2013ರಲ್ಲಿ ಆದ ಒಪ್ಪಂದದಂತೆ 2020ರೊಳಗೆ ಅರ್ಧದಷ್ಟು ಹಳದಿ ಟ್ಯಾಕ್ಸಿಗಳು ವೀಲ್‌ಚೇರಿಗೆ ಒಗ್ಗಬೇಕಿತ್ತು. ಆ ಗಡುವಿಗೆ ಅದು ಆಗಲಿಲ್ಲ. ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ಕೇಳಿದರೆ ವರ್ಷಗಳು ಹೀಗೆ ಹೋಗುತ್ತವೆ.

ಇದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ನೀನು ಹೇಳುವುದು ಸರಿ. ಆದರೆ ಅಂಥ ಗಾಡಿ ತಗೊಂಡರೆ ನನ್ನ ಕಂತು ಯಾರು ಕಟ್ಟುತ್ತಾರೆ? ದಿನಕ್ಕೆ ಒಬ್ಬ ವೀಲ್‌ಚೇರಿನವ ಸಿಗುತ್ತಾನೋ ಇಲ್ಲವೋ.”

ಅವರ ಮಾತು ಸುಳ್ಳಲ್ಲ. ಲಂಡನ್ನಿನ ಹೊಸ ಟ್ಯಾಕ್ಸಿಯ ಬೆಲೆ 60 ಸಾವಿರ ಪೌಂಡಿಗೂ ಹೆಚ್ಚು. ಸರ್ಕಾರ ಆರಂಭದಲ್ಲಿ 7500 ಪೌಂಡ್‌ವರೆಗೆ ಸಹಾಯಧನ ಕೊಟ್ಟರೂ ಚಾಲಕರ ಮೇಲೆ ಸಾಲದ ಹೊರೆ ಉಳಿಯಿತು. ಆ್ಯಪ್ ಮೂಲಕ ಬರುವ ಖಾಸಗಿ ಕಾರುಗಳಿಗೆ ಅಲ್ಲಿ ಈ ಕಡ್ಡಾಯವೂ ಇಲ್ಲ. ಭಾರವನ್ನೆಲ್ಲ ಒಬ್ಬ ಚಾಲಕನ ತಲೆಯ ಮೇಲೆ ಹಾಕಿ ನಾವು ಪುಣ್ಯ ಕಟ್ಟಿಕೊಂಡೆವು ಎನ್ನುವುದು ನ್ಯಾಯವಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಎಡವಿದ ನ್ಯೂಯಾರ್ಕಿನಲ್ಲೇ. 2015ರಿಂದ ಅಲ್ಲಿ ಪ್ರತಿ ಟ್ಯಾಕ್ಸಿ ಪ್ರಯಾಣಕ್ಕೆ 30 ಸೆಂಟ್ ಹೆಚ್ಚುವರಿ ಸೇರಿಸಿದರು. ಎಲ್ಲ ಪ್ರಯಾಣಿಕರು ಕೊಟ್ಟ ಆ ಚಿಲ್ಲರೆಯನ್ನು ಒಟ್ಟುಗೂಡಿಸಿ ವೀಲ್‌ಚೇರ್ ಹತ್ತುವ ಗಾಡಿ ಕೊಳ್ಳುವವರಿಗೆ ಕೊಡುವ ನಿಧಿ ಮಾಡಿದರು. ಇದನ್ನು ಹೇಳಿದಾಗ ಚಿಕ್ಕಪ್ಪ, “ಹಾಗಾದರೆ ನಾನೂ ಒಂದು ತೆಗೆಯುತ್ತೇನೆ, ನಮ್ಮ ಸ್ಟ್ಯಾಂಡಿನಲ್ಲಿ ಎರಡು ಸಾಕು” ಎಂದರು. ಎಲ್ಲ ಗಾಡಿಯೂ ಬದಲಾಗಬೇಕೆಂದು ನಾವೂ ಕೇಳುತ್ತಿಲ್ಲ. ಪ್ರತಿ ಸ್ಟ್ಯಾಂಡಿನಲ್ಲಿ ಫೋನ್ ಮಾಡಿದರೆ ಬರುವ ಒಂದೆರಡು ಗಾಡಿ ಇದ್ದರೆ ಸಾಕು.

ಆಗದ ಕೆಲಸವೇನೂ ಅಲ್ಲ. ಸಿಲಿಂಡರಿನಿಂದ ಡಿಕ್ಕಿ ಹೋಯಿತೆಂದು ಜನ ಗೊಣಗಿದ ಮೇಲೆ ಕೆಲವು ಕಂಪನಿಗಳು ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ತಳದಲ್ಲಿ ಇಟ್ಟು ಮೇಲೆ ಜಾಗ ಬಿಟ್ಟಿವೆ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 41ನೇ ಕಲಮು ಎಲ್ಲ ಬಗೆಯ ಸಾರಿಗೆಯೂ ಅವರಿಗೆ ಎಟುಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಕಾಯ್ದೆಯಲ್ಲಿರುವ ಮಾತು ಪರ್ಮಿಟ್ಟಿನ ಷರತ್ತಿಗೆ ಇಳಿದು ಬರಬೇಕಾಗಿದೆ, ಅಷ್ಟೇ.

ಮೋಟಾರು ವಾಹನ ನಿಯಮಗಳನ್ನು ಬದಲಿಸುವ ಮೊದಲು ಸರ್ಕಾರ ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳುತ್ತದೆ. ಬರೆಯಲು ವಕೀಲರಾಗಬೇಕಿಲ್ಲ, ಹದಿನೆಂಟು ತುಂಬಬೇಕಿಲ್ಲ. ಕರಡಿಗೆ ಕಾಯದೆ ಸಾರಿಗೆ ಇಲಾಖೆಗೆ ನಾನೊಂದು ಪತ್ರ ಬರೆದಿಟ್ಟಿದ್ದೇನೆ, ಕನ್ನಡದಲ್ಲೇ, ಒಂದೂವರೆ ಪುಟ. ಅದರ ಕೆಳಗೆ ಅಣ್ಣ ಮೊದಲ ಸಹಿ ಹಾಕಿದ್ದಾನೆ, ಚಿಕ್ಕಪ್ಪ ಎರಡನೆಯದು. ಮುಂದಿನ ವಾರ ಪತ್ರ ಗ್ರಂಥಾಲಯದ ಮೇಜಿನ ಮೇಲಿರುತ್ತದೆ. ಮನೆಯಲ್ಲಿ ಮಂಡಿನೋವಿನ ಅಜ್ಜಿ ಇರುವವರು, ಕಾಲು ಮುರಿದು ಮಲಗಿದ ಗೆಳೆಯನಿರುವವರು, ಯಾರೂ ಇಲ್ಲದವರು, ಎಲ್ಲರೂ ಓದಿ ನೋಡಿ. ಸರಿ ಎನಿಸಿದರೆ ಮೂರನೆಯ ಸಾಲಿನಿಂದ ಜಾಗ ಖಾಲಿ ಇದೆ.