ಹೆಲ್ಸಿಂಕಿಯ ಉದ್ಯಾನಗಳಲ್ಲಿ ಒಂದು ಕಾಲ್ನಡೆ

ಪಟ್ಟಣವೊಂದು ಯಾರನ್ನು ಗೌರವಿಸುತ್ತದೆಂಬುದನ್ನು ಅರಿಯಬೇಕಾದರೆ ಅಲ್ಲಿಯ ಪ್ರತಿಮೆಗಳನ್ನು ನೋಡಬೇಕು. ಫಿನ್ಲೆಂಡ್ ದೇಶದ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಬೇಸಗೆಯ ಒಂದು ದಿನ ನಾನು ಈ ಉದ್ದೇಶದಿಂದಲೇ ಕಾಲ್ನಡೆಯಾಗಿ ಸಂಚರಿಸಿದೆನು.

ಸೆನೆಟ್ ಚೌಕದಲ್ಲಿ, 1852ರಲ್ಲಿ ಪೂರ್ತಿಯಾದ ಶುಭ್ರವಾದ ಮಹಾದೇವಾಲಯದ ಎದುರಿಗೆ, ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು ನಿಂತಿದ್ದಾನೆ. ಅಲ್ಲಿಗೆ ಸಮೀಪದ ಎಸ್ಪ್ಲನಾಡಿ ಉದ್ಯಾನದಲ್ಲಿ ಕವಿ ರುನೆಬರ್ಗರ ಪ್ರತಿಮೆಯಿದೆ. 1885ರಲ್ಲಿ ಸ್ಥಾಪಿತವಾದ ಅದನ್ನು ನಿರ್ಮಿಸಿದವರು ಅವರ ಪುತ್ರರೇ. ಅರಸರಿಗೂ ಕವಿಗಳಿಗೂ ಇಂತಹ ಮನ್ನಣೆಯು ಎಲ್ಲೆಡೆಯೂ ಉಂಟಷ್ಟೆ.

ಆದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಎದುರಿನ ಹಕಸಲ್ಮಿ ಉದ್ಯಾನದಲ್ಲಿ ಲಾರಿನ್ ಪರಸ್ಕೆ ಎಂಬ ಬಡ ವಿಧವೆಯ ಪ್ರತಿಮೆಯನ್ನು ಕಂಡು ಬಹಳ ಹೊತ್ತು ನಿಂತೆನು. ಓದುಬರಹವನ್ನರಿಯದ ಆಕೆಯ ಬಾಯಿಂದ ಅಡಾಲ್ಫ್ ನಿಯೋವಿಯಸ್ ಎಂಬ ಸಭಾಪಾಲಕರು ಜನಪದ ಗೀತೆಗಳ 30,000ಕ್ಕೂ ಹೆಚ್ಚು ಸಾಲುಗಳನ್ನು ಬರೆದುಕೊಂಡರು. ಸಂಗೀತ ರಚನಕಾರರಾದ ಸಿಬೇಲಿಯಸ್ಸರೂ 1891ರಲ್ಲಿ ಆಕೆಯ ಗಾಯನವನ್ನು ಕೇಳಿದರು. ಆದರೂ 1904ರಲ್ಲಿ ಆಕೆಯು ಬಡತನದಲ್ಲಿಯೇ ಮೃತರಾದರು. ಪ್ರತಿಮೆಯು ಅಲ್ಲಿ ಸ್ಥಾಪಿತವಾದುದು 1949ರಲ್ಲಿ.

ಕಡೆಗೆ ಸಿಬೇಲಿಯಸ್ ಉದ್ಯಾನಕ್ಕೆ ನಡೆದೆನು. ಅಲ್ಲಿ 600ಕ್ಕೂ ಮಿಗಿಲಾದ ಉಕ್ಕಿನ ಕೊಳವೆಗಳನ್ನು ಜೋಡಿಸಿದ ಸ್ಮಾರಕವಿದೆ. 1967ರಲ್ಲಿ ಅನಾವರಣಗೊಂಡ ಇದು ಐಲಾ ಹಿಲ್ಟುನೆನ್ ಎಂಬ ಮಹಿಳೆಯ ಕೃತಿ. ಆ ಮಹಾಸಂಗೀತಗಾರರ ಸ್ಮಾರಕದ ಮುಂದೆಯೂ ನನ್ನ ಮನಸ್ಸು ಪರಸ್ಕೆಯನ್ನೇ ನೆನೆಯುತ್ತಿತ್ತು.

ಪ್ರಿಯ ಸೋದರಿಯರೇ, ಬರೆದುಕೊಳ್ಳುವವರು ದೊರೆಯದಿದ್ದರೆ ಆಕೆಯ ಹಾಡುಗಳು ಆಕೆಯೊಡನೆಯೇ ಮಣ್ಣಾಗುತ್ತಿದ್ದವು. ಬೀಸುವ ಪದಗಳನ್ನು ಬಲ್ಲ ಅಜ್ಜಿಯರು ನಮ್ಮಲ್ಲಿ ಕೆಲವರ ಮನೆಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಶಾಲೆಯು ನಮ್ಮ ಕೈಗೆ ಲೇಖನಿಯನ್ನು ಕೊಟ್ಟಿದೆ. ಅವರ ಬಳಿ ಕುಳಿತು ಬರೆದುಕೊಳ್ಳೋಣ.